ಹೆಳವ ಬಿಟ್ಟ ಹೆಸರು

2023ರ ಫೆಬ್ರುವರಿ. ನಾನು ವಿಜಯಪುರ ನಗರದ ಒಂದು ಠಾಣೆಯಲ್ಲಿ ಎಎಸ್ಐ, ಅಂದರೆ ಸಹಾಯಕ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ನಿವೃತ್ತಿ ಹತ್ತಿರ ಬಂದಿತ್ತು. ಆ ಹೊತ್ತಿನಲ್ಲಿ ಪೊಲೀಸನಿಗೆ ಯಾರೂ ದೊಡ್ಡ ಕೆಲಸ ಹಚ್ಚುವುದಿಲ್ಲ. ಇವ ಹೇಗೂ ಹೊರಟವ ಎಂದು ಬಂದೋಬಸ್ತಿನಿಂದಲೂ ಬಿಟ್ಟು, ಕುರ್ಚಿ ಮೇಲೆ ಕೂಡಿಸಿ ಚಹಾ ಕುಡಿಸುತ್ತಾರೆ. ನನಗೆ ಅದರಿಂದ ಸಿಟ್ಟು ಬರುತ್ತಿತ್ತು, ಯಾಕೆಂದರೆ ಜಿಲ್ಲೆಯಲ್ಲಿ ನನ್ನದೂ ಒಂದು ಹೆಸರಿತ್ತು. ಸೇವೆಯ ಹೆಚ್ಚಿನ ಪಾಲು ನಾನು ಮಾಡಿದ್ದು ಸಮನ್ಸ್ ಮತ್ತು ವಾರಂಟ್ ಜಾರಿ. ಸಮನ್ಸ್ ಎಂದರೆ ಕೋರ್ಟಿಗೆ ಬಾ ಎನ್ನುವ ಕರೆ. ವಾರಂಟ್ ಎಂದರೆ ಬರದವನನ್ನು ಹಿಡಿದು ತಾ ಎನ್ನುವ ಆದೇಶ. ವಿಳಾಸ ತಪ್ಪಿರಲಿ, ಆಳು ಊರು ಬಿಟ್ಟಿರಲಿ, ದಸ್ತಗೀರನ ಕೈಗೆ ಕೊಡಿ ಎಂದು ನನ್ನ ಹೆಸರು ಹೇಳುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನ್ನ ಎದೆ ಸ್ವಲ್ಪ ಮುಂದೆ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಇನ್ಸ್‌ಪೆಕ್ಟರ್ ಸಾಹೇಬರು ನನ್ನನ್ನು ಕರೆದು ಒಂದು ಅರ್ಜಿ ಮುಂದಿಟ್ಟರು.

"ದಸ್ತಗೀರ, ನಿಮಗ ತಕ್ಕ ಕಳ್ಳ ಸಿಕ್ಕಾನ ನೋಡ್ರಿ. ಸತ್ತು ನೂರು ವರ್ಷ ಆಗೇದ" ಎಂದು ನಕ್ಕರು.

ಅರ್ಜಿ ಕೊಟ್ಟವರು ಹೊರಗೆ ಬಾಕಿನ ಮೇಲೆ ಕೂತಿದ್ದರು. ಹೆಸರು ಉಷಾ. ಅರವತ್ತು ದಾಟಿದ ಹೆಂಗಸು, ನೂಲಿನ ಸೀರೆ, ತೊಡೆಯ ಮೇಲೆ ಚೀಲ. ಪೋರ್ಟ್ ಬ್ಲೇರ್‌ನಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು, ಹಿಂದಿ ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ಅವರ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ನಮ್ಮ ಸೀಮೆಯಿಂದ ಅಂಡಮಾನಿಗೆ ಹೋದ ಕೈದಿ. ಕರಿನೀರಿನ ಶಿಕ್ಷೆ ಎಂದರೆ ನಮ್ಮ ಜನಕ್ಕೆ ತಟ್ಟನೆ ನೆನಪಾಗುವುದು ದೇಶಕ್ಕಾಗಿ ಹೋರಾಡಿದವರು. ನಾನೂ ಹಾಗೇ ತಿಳಿದು ಕೈ ಮುಗಿಯಲು ಹೋದೆ.

ಆಕೆ ತಡೆದರು. "ಅಂಥದ್ದೇನೂ ಇಲ್ಲ. ಅವನು ಕಳ್ಳ. ಜೋಳ ಕದ್ದ. ಕದ್ದಿಲ್ಲ ಅಂತ ವಾದ ಮಾಡೋದಕ್ಕೆ ನಾನು ಬಂದಿಲ್ಲ, ಮೂರು ಸಲ ಕದ್ದಿದ್ದಾನೆ" ಎಂದರು. ನನ್ನ ಸೇವೆಯಲ್ಲಿ ಮನೆಯವನನ್ನು ಕಳ್ಳ ಎಂದು ತಾವಾಗಿಯೇ ಒಪ್ಪಿಕೊಂಡ ಸಂಬಂಧಿಕರನ್ನು ನಾನು ಕಂಡಿದ್ದು ಅದೇ ಮೊದಲು.

ಅವರ ಬಳಿ ಹಳೆಯ ದಾಖಲೆಯ ನಕಲೊಂದಿತ್ತು. ಅದರಲ್ಲಿ ಅವನ ಹೆಸರು, ತಂದೆಯ ಹೆಸರು, ತಿಕೋಟಾ ಕಡೆಯವನು ಎಂಬ ಮಾತು, ಬಲ ಮುಂಗೈ ಮೇಲೆ ಸುಟ್ಟ ಕಲೆ, ಅಪರಾಧ ಇಷ್ಟೇ ಇತ್ತು. ಊರಿನ ಹೆಸರು ಇರಲಿಲ್ಲ. ಅಪರಾಧ ಹಗೇವಿನಿಂದ ಜೋಳ ಕದ್ದದ್ದು. ಹಗೇವು ಎಂದರೆ ನೆಲದೊಳಗೆ ತೋಡಿ ಕಾಳು ತುಂಬಿ ಮುಚ್ಚಿಡುವ ಕಣಜ. ನಮ್ಮ ಕಡೆ ವಾಡೆ ಎನ್ನುವ ಹಳೆ ದೊಡ್ಡ ಮನೆಗಳಲ್ಲಿ ಈಗಲೂ ಕಾಣಸಿಗುತ್ತದೆ. ಜೋಳ ಕದ್ದವನನ್ನು ಸಮುದ್ರ ದಾಟಿಸುವುದೇ ಎಂದು ಓದುಗರಿಗೆ ಅನಿಸಬಹುದು. ಭಾರತೀಯ ದಂಡ ಸಂಹಿತೆಯ 75ನೇ ಕಲಂ ಇರುವುದೇ ಅದಕ್ಕೆ. ಮೊದಲೇ ಶಿಕ್ಷೆಯಾದವನು ಅಂಥದೇ ತಪ್ಪನ್ನು ಮತ್ತೆ ಮಾಡಿದರೆ ಹಳೆಯದನ್ನೂ ಲೆಕ್ಕಕ್ಕೆ ಹಿಡಿದು ಶಿಕ್ಷೆ ಏರಿಸುತ್ತಾರೆ. ಆ ಕಾಲದಲ್ಲಿ ಅದು ಜೀವಾವಧಿ ಗಡೀಪಾರಿನವರೆಗೂ ಹೋಗುತ್ತಿತ್ತು.

ಅಂಡಮಾನಿನಲ್ಲಿ ಅವನು ಕೆಲವು ವರ್ಷ ಕೂಲಿ ಕೈದಿಯಾಗಿ ದುಡಿದ. ನಡತೆ ನೋಡಿ ತುಂಡು ಭೂಮಿ ಕೊಟ್ಟರು, ಇನ್ನೊಬ್ಬ ಕೈದಿ ಹೆಂಗಸಿನ ಜೊತೆ ಮದುವೆಗೆ ಅಪ್ಪಣೆ ಕೊಟ್ಟರು. ಮಕ್ಕಳಾದವು. ಅಲ್ಲೇ ಮಣ್ಣಾದ.

"ನಿಮಗೇನು ಬೇಕು, ಆಸ್ತಿಯ ವಿಷಯವೇ?" ಎಂದು ಕೇಳಿದೆ. ಪೊಲೀಸ್ ಬುದ್ಧಿ.

"ಭೂಮಿ ಬೇಡ. ಅವನ ಮನೆಯವರು ಯಾರಾದರೂ ಒಬ್ಬರು ಅವನ ಹೆಸರು ಹಿಡಿದು, ಇವ ನಮ್ಮವ ಅನ್ನಬೇಕು. ನಮ್ಮ ಮನೆ ಅವನಿಂದ ಶುರುವಾಗುತ್ತದೆ. ಅವನ ಹಿಂದೆ ಯಾರೂ ಇಲ್ಲ ಅನ್ನೋ ಹಾಗೆ ಬದುಕಿದ್ದೇವೆ."

ಈ ಅರ್ಜಿಯನ್ನು ನಾನು ಮನಸ್ಸಿಗೆ ಹಚ್ಚಿಕೊಂಡೆ. ಆದರೆ ಹುಡುಕುವುದು ಎಲ್ಲಿಂದ? ತಿಕೋಟಾ ಕಡೆ ಎಂದರೆ ಹತ್ತಾರು ಹಳ್ಳಿ. ಅವನ ಹೆಸರಿನವರೂ ಅವನ ಅಪ್ಪನ ಹೆಸರಿನವರೂ ಓಣಿಗೊಬ್ಬರು ಸಿಗುತ್ತಾರೆ. ಒಂದು ವಾರ ತಿರುಗಿ ಬರಿಗೈಯಲ್ಲಿ ಬಂದೆ. ಉಷಾ ಮೇಡಂ ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಕಾಯುತ್ತ ಕೂತಿದ್ದರು. ನಿಮ್ಮ ಮುತ್ತಜ್ಜ ಮಕ್ಕಳಿಗೆ ಏನಾದರೂ ಹೇಳಿಕೊಟ್ಟಿದ್ದನೇ, ಹಾಡು, ದೇವರ ಹೆಸರು, ಏನಾದರೂ, ಎಂದು ಕೇಳಿದೆ. ಒಂದು ಮಂತ್ರ ಇದೆ ಎಂದರು. ದೀಪಾವಳಿಯಲ್ಲಿ ದೀಪ ಹಚ್ಚುವ ಮುಂಚೆ ಅವರ ಅಪ್ಪ ಅದನ್ನು ಹೇಳುತ್ತಿದ್ದರಂತೆ; ಅರ್ಥ ಯಾರಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿ ಹೇಳತೊಡಗಿದರು. ಉಚ್ಚಾರ ಸವೆದುಹೋಗಿತ್ತು, ಆದರೆ ಎಳೆದ ರಾಗ ಇತ್ತು. ಒಂದು ಹೆಸರು, ಅವನ ಮಗ, ಮತ್ತೊಂದು ಹೆಸರು, ಅವನ ಮಗ, ಹೀಗೆ ಹನ್ನೊಂದು ತಲೆಮಾರು. ಕೊನೆಯದು ಕಳ್ಳನ ಹೆಸರು.

ಅದು ಮಂತ್ರವಲ್ಲ, ಹೆಳವರ ವರಸೆ. ಹೆಳವರು ನಮ್ಮ ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿಯನ್ನು ನೆನಪಿಟ್ಟುಕೊಂಡು ಬಂದವರು. ಕೆಲವು ವರ್ಷಕ್ಕೊಮ್ಮೆ ತಮ್ಮ ಒಕ್ಕಲು ಮನೆಗಳಿಗೆ ಬೆಳಕು ಹರಿಯುವ ಹೊತ್ತಿಗೆ ಬಂದು, ಮೂಲ ಪುರುಷನಿಂದ ಹಿಡಿದು ಹೆಸರೆತ್ತಿ ಇಡೀ ಓಣಿಗೆ ಕೇಳುವಂತೆ ಹೊಗಳುತ್ತಾರೆ, ಕಾಳನ್ನೋ ಕರುವನ್ನೋ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಅಂಡಮಾನಿನಲ್ಲಿ ಹೆಳವ ಎಲ್ಲಿಂದ ಬರಬೇಕು? ಅವನೇ ತನ್ನ ಮನೆಗೆ ಹೆಳವನಾಗಿದ್ದ. ಲಾಡ್ಜಿನ ಆ ಸಣ್ಣ ಕೋಣೆಯಲ್ಲಿ, ಕಳ್ಳನೊಬ್ಬನ ಮೇಲೆ ನನಗೆ ಮೊದಲ ಸಲ ಅಯ್ಯೋ ಅನಿಸಿತು.

ಆಮೇಲಿನದು ಕಷ್ಟವಾಗಲಿಲ್ಲ. ತಿಕೋಟಾ ಕಡೆಯ ಒಕ್ಕಲುಗಳಿಗೆ ಬರುವ ಹೆಳವ ನಿಂಗಪ್ಪ. ಆ ತಿಂಗಳು ಅವನು ಭೂತನಾಳ ಕೆರೆಯ ಹತ್ತಿರ ಬಿಡಾರ ಹೂಡಿದ್ದ. ಈಗ ಎತ್ತಿನ ಮೇಲೆ ಬರುವುದಿಲ್ಲ, ಮೋಟರ್ ಸೈಕಲ್ ಇದೆ. ಐವತ್ತರ ಆಸುಪಾಸಿನ, ಮಾತಿನಲ್ಲಿ ಜಾಣ, ಸ್ವಲ್ಪ ಠೀವಿಯ ಮನುಷ್ಯ. ಮೊಬೈಲಿನಲ್ಲಿ ತುಂಬಿಕೊಂಡಿದ್ದ ಉಷಾ ಮೇಡಂ ಧ್ವನಿಯನ್ನು ಕೇಳಿಸಿದೆ. ಮೊದಲು ನಗುತ್ತ ಕೇಳಿದ. ಹೋಗುಹೋಗುತ್ತ ನಗು ನಿಂತಿತು. ಕೊನೆಯ ಹೆಸರು ಬಂದಾಗ ತಲೆಯ ಮೇಲಿನ ಟೋಪಿ ತೆಗೆದ.

"ಸಾಹೇಬ್ರ, ಮನಿ ಗೊತ್ತೈತಿ. ಆದ್ರ ಆ ಕಡೀ ಹೆಸರು ನನ್ನ ಬಾಯಿಂದ ಕೇಳಬ್ಯಾಡ್ರಿ."

"ಯಾಕ?"

"ಮನಿ ತೋರಸಬ್ಯಾಡ ಅಂತ ನನಗ ಯಾರೂ ಅಂದಿಲ್ಲ, ತೋರಸ್ತೇನಿ. ಉಳದದ್ದು ಆ ಮನಿ ಹಿರೇರನ್ನ ಕೇಳ್ರಿ" ಎಂದು ಹೇಳಿ, ಮನೆಯ ಗುರುತು ಕೊಟ್ಟ. ಹೆದರಿಸಿ ಬಾಯಿ ಬಿಡಿಸುವ ವಯಸ್ಸು ನನ್ನದಾಗಿರಲಿಲ್ಲ, ಅವನದೂ ಹೆದರುವ ಜಾತಿಯ ಬಾಯಿ ಅಲ್ಲ.

ಊರು ಹೊನವಾಡ ಕಡೆಯದು, ಹೆಸರು ಬರೆಯುವುದಿಲ್ಲ. ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ನಾನು ಸಾದಾ ಬಟ್ಟೆಯಲ್ಲಿ ಬಸ್ಸಿಳಿದು, ನನ್ನ ಪದ್ಧತಿಯಂತೆ ಮೊದಲು ಹಿಟ್ಟಿನ ಗಿರಣಿಗೆ ಹೋದೆ. ಯಾವ ಮನೆಯಲ್ಲಿ ಎಷ್ಟು ಜನ, ಯಾರು ಇದ್ದಾರೆ, ಯಾರಿಲ್ಲ ಎಂಬುದನ್ನು ಗಿರಣಿಯಲ್ಲಿ ಕೇಳಿದರೆ ಸಾಕು, ಹಿಟ್ಟಿನ ಜೊತೆ ಎಲ್ಲವೂ ಬರುತ್ತದೆ. ವಾರಂಟ್ ಜಾರಿಗೆ ಅದು ಚೊಕ್ಕ ಉಪಾಯ. ಆದರೆ ಸಾದಾ ಬಟ್ಟೆ ಹಾಕಿದರೂ ಪೊಲೀಸನ ನಿಲುವು ಊರಿಗೆ ಗೊತ್ತಾಗಿಬಿಡುತ್ತದೆ ಎಂಬುದನ್ನು ನಾನು ಅಂದು ಮರೆತಿದ್ದೆ.

ಮನೆಯ ಹಿರಿಯಳು ಗಂಗವ್ವ, ಎಂಬತ್ತರ ಮುದುಕಿ. ಮಗ ಶಿವಲಿಂಗಪ್ಪ ದ್ರಾಕ್ಷಿ ಬೆಳೆಯುತ್ತಾನೆ, ಸ್ವಂತ ಒಣದ್ರಾಕ್ಷಿ ಶೆಡ್ ಇದೆ. ಅಂದು ಮನೆಯಲ್ಲಿ ಮುದುಕಿ ಒಬ್ಬಳೇ ಇದ್ದಳು. ನಾನು ವಿಷಯ ಹೇಳಿ ಕಳ್ಳನ ಹೆಸರೆತ್ತಿದೆ. ಅವಳು ಬಿಡಿಸುತ್ತಿದ್ದ ಕಡಲೆಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅಂಥಾವ್ರು ನಮ್ಮನ್ಯಾಗ ಯಾರೂ ಇಲ್ಲ ಪೌಜದಾರ್ರ. ಚಾ ಕುಡದ ಹೋಗ್ರಿ."

ಮೂರನೇ ದಿನ ಶಿವಲಿಂಗಪ್ಪ ಇಬ್ರಾಹಿಂಪುರದ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಕೂಡು ಎಂದರೂ ಕೂಡಲಿಲ್ಲ. ಅವನ ಮಗಳು ಶ್ರೀದೇವಿಗೆ ಬಬಲೇಶ್ವರದ ಒಂದು ಮನೆತನದಲ್ಲಿ ಗಂಡು ಗೊತ್ತಾಗಿತ್ತು, ನಿಶ್ಚಯ ಮುಗಿದು ಲಗ್ನಕ್ಕೆ ದಿನ ನೋಡುತ್ತಿದ್ದರು. ಗಿರಣಿಯಲ್ಲಿ ಪೊಲೀಸ ಬಂದು ಈ ಮನೆಯ ಬಗ್ಗೆ ಕೇಳಿದ ಎಂಬ ಸುದ್ದಿ ನನಗಿಂತ ಮುಂಚೆ ಬಬಲೇಶ್ವರ ಮುಟ್ಟಿತ್ತು. ಮನೆಯವರ ಮೇಲೆ ಏನೋ ಕೇಸ್ ಇದೆ ಎಂದು ಬೀಗರು ಫೋನ್ ಮಾಡಿದ್ದರು.

"ನಿಮ್ಮ ಸತ್ತ ಕಳ್ಳನ ಸಲುವಾಗಿ ನನ್ನ ಜೀವಂತ ಮಗಳ ಬಾಳೇವು ಹಾಳ ಮಾಡಾಕತ್ತೀರಲ್ರಿ" ಎಂದ. ನನ್ನ ಹೆಂಡತಿ ಒಳಗಿನಿಂದ ಕೇಳುತ್ತಿದ್ದಳು.

ಮರುದಿನವೇ ಬಬಲೇಶ್ವರಕ್ಕೆ ಹೋದೆ. ಹುಡುಗನ ತಂದೆ ಊರಲ್ಲಿ ನಾಲ್ಕು ಜನ ಕೇಳುವ ಮನುಷ್ಯ. ಆ ಮನೆಯವರ ಮೇಲೆ ಯಾವ ಕೇಸೂ ಇಲ್ಲ, ಇದು ಪೊಲೀಸನ ಮಾತು ಎಂದೆ. ನಿಜವೇ ಹೇಳಿದೆ.

"ಹಂಗಾರ ಯಾಕ ಕೇಳಾಕ ಹೋಗಿದ್ರಿ?"

"ದೂರದವರು ಯಾರೋ ಹಳೇ ಬಳಗ ಹುಡುಕಾಕತ್ತಾರ್ರಿ. ಅದರ ಸಲುವಾಗಿ."

"ಎಂಥಾ ಬಳಗ?"

ಅದಕ್ಕೆ ನಾನು ಸರಿಯಾಗಿ ಉತ್ತರಿಸಲಿಲ್ಲ. ಮೂವತ್ತು ವರ್ಷ ಬೇರೆಯವರ ಮುಖದಲ್ಲಿ ಇಂಥ ತಡವರಿಕೆ ಹಿಡಿದವನು ನಾನು. ಅಂದು ಅವರು ನನ್ನದನ್ನು ಹಿಡಿದರು. "ಇರ್ಲಿ. ಅಮಾಸಿ ಆದ ಮ್ಯಾಲ ನಮ್ಮನಿಗೂ ನಿಂಗಪ್ಪ ಹೆಳವ ಬರ್ತಾನ. ಆ ಮನೆತನದ ಹಿಂದ ಮುಂದ ಅವನ್ನ ಕೇಳಿದ್ರಾತು" ಎಂದರು. ಮರಳಿ ಬರುವಾಗ ಬಸ್ಸಿನಲ್ಲಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಒಬ್ಬಳಿಗೆ ಮುತ್ತಜ್ಜನನ್ನು ಕೊಡಲು ಹೋಗಿ ಇನ್ನೊಬ್ಬಳ ಲಗ್ನ ಕಸಿಯುವ ದಾರಿ ಹಿಡಿದಿದ್ದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಗಂಗವ್ವನೇ ಹೇಳಿಕಳಿಸಿದಳು. ಹೆಳವನನ್ನೂ ಕರೆಸಿದ್ದೇನೆ, ಆ ಹೆಣ್ಣುಮಗಳನ್ನು ಕರೆದುಕೊಂಡು ಬಾ, ಮನೆಗೆ ಬೇಡ, ತೋಟದ ಶೆಡ್ಡಿಗೆ ಬಾ ಎಂದು. ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ನೆಲಕ್ಕೆ ತಾಡಪತ್ರಿ ಹಾಸಿ ಎಲ್ಲರೂ ಕೂತೆವು. ಗಂಗವ್ವ, ಶಿವಲಿಂಗಪ್ಪ, ಚಹಾ ತಂದ ಶ್ರೀದೇವಿ, ನಿಂಗಪ್ಪ, ಉಷಾ ಮೇಡಂ. ಅವರ ಹಿಂದಿ ಇವರಿಗೆ, ಇವರ ಕನ್ನಡ ಅವರಿಗೆ ಮುಟ್ಟಿಸುವ ಕೆಲಸ ನನ್ನದು. ಗಂಗವ್ವ ಬಹಳ ಹೊತ್ತು ಉಷಾ ಮೇಡಂ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳತೊಡಗಿದಳು.

"ನಾ ಈ ಮನಿಗೆ ಸೊಸಿಯಾಗಿ ಬಂದಾಗ ನಮ್ಮ ಮಾವನ ಅಕ್ಕ ಒಬ್ಬಾಕಿ ಇದ್ದಳ್ರಿ. ತಲಿ ಎಲ್ಲಾ ಬೆಳ್ಳಗಾಗಿತ್ತು, ಲಗ್ನ ಆಗಿರಲಿಲ್ಲ. ಹರೇದಾಗ ಮೂರು ಸಲ ಗೊತ್ತಾಗಿ ಮೂರು ಸಲ ಮುರೀತಂತ. ಹೆಳವ ಬಂದು ಹೊಗಳೂವಾಗ ಆಕೀ ಕಾಕಾನ ಆ ಹೆಸರು ಬರ್ತಿತ್ತು. ಕರಿನೀರಿಗೆ ಹೋದ ಕಳ್ಳನ ಮನಿ ಅಂತ ಬೀಗರು ಎದ್ದು ಹೋಗ್ತಿದ್ರಂತ. ಮೂರನೇದು ಮುರದಾಗ ನಮ್ಮ ಮಾವನವರು ಈ ನಿಂಗಪ್ಪನ ಅಜ್ಜಗ ಒಂದು ಆಕಳ ಕೊಟ್ಟು, ಇನ್ನ ಮ್ಯಾಲ ಆ ಹೆಸರು ಎತ್ತಬ್ಯಾಡ ಅಂದ್ರು. ಅಷ್ಟೊತ್ತಿಗೆ ಆಕೀಗೆ ವಯಸ್ಸು ಮೀರಿತ್ತು."

ನಾನು ಎಲ್ಲವನ್ನೂ ಹಿಂದಿಯಲ್ಲಿ ಹೇಳಿದೆ. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ, ಮಾಡಬೇಕು ಎಂದು ಬಹಳ ಅನಿಸಿತ್ತು.

ನಿಂಗಪ್ಪ ಕೈ ಮುಗಿದು ಹೇಳಿದ: "ಅವ್ವಾ, ಆಕಳ ತಗೊಂಡ ಮಾತಿಗೆ ನಾವು ಮೂರು ತಲಿ ನಡಕೊಂಡೇವಿ. ಈಗ ಮನಿ ಹಿರೇಳು ನೀನು. ನೀ ಹೇಳು ಅಂದ್ರ ಇಲ್ಲೇ ಹೇಳ್ತೇನಿ, ಇವರನ್ನ ನಿಮ್ಮ ವಂಶಕ್ಕ ಕೂಡಸ್ತೇನಿ. ಆದ್ರ ಒಂದು ಮನ್ಯಾಗ ಹೇಳಿ ಇನ್ನೊಂದು ಮನ್ಯಾಗ ಮುಚ್ಚೂದು ನಮ್ಮ ಕಸುಬಿನಾಗ ಇಲ್ಲ. ನಾಳೆ ಬಬಲೇಶ್ವರದಾಗ ಕೇಳಿದ್ರೂ ಹೇಳಬೇಕಾಗ್ತದ."

ಎಲ್ಲರ ಕಣ್ಣು ಗಂಗವ್ವನ ಮೇಲೆ. ಆಗ ಬಾಯಿ ತೆರೆದವಳು ಶ್ರೀದೇವಿ. "ಹೇಳಸು ಅಜ್ಜಿ. ಇಷ್ಟಕ್ಕ ಮುರಿಯೂ ಲಗ್ನ ಇದ್ರ ಈಗ ಮುರೀಲಿ" ಎಂದಳು.

"ಸುಮ್ಕಿರ ಬೇ" ಎಂದಳು ಗಂಗವ್ವ. "ಆಕೀನೂ ಮೊದಲನೇದು ಮುರದಾಗ ಹಿಂಗ ಅಂದಿದ್ಲಂತ."

ಅದನ್ನೂ ಹಿಂದಿ ಮಾಡಿದೆ. ಉಷಾ ಮೇಡಂ ಶ್ರೀದೇವಿಯನ್ನು ನೋಡಿದರು, ಹುಡುಗಿಯ ಕೈಯ ಹಸಿರು ಬಳೆ ನೋಡಿದರು. ಆಮೇಲೆ ನನಗೆ, "ಬೇಡ ಅನ್ನಿ ಹೆಳವನಿಗೆ" ಎಂದರು.

"ಮೇಡಂ, ಸಮುದ್ರ ದಾಟಿ ಬಂದಿದ್ದೀರಿ" ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

"ಅವನು ಕದ್ದ ಜೋಳಕ್ಕೆ ಒಬ್ಬಳು ಮುದುಕಿಯಾಗುವ ತನಕ ಈ ಮನೆಯಲ್ಲಿ ಕೂತಳು. ಅದು ನನಗೆ ಗೊತ್ತಿರಲಿಲ್ಲ. ಇನ್ನೊಬ್ಬಳು ಕೂಡುವುದು ಬೇಡ. ಬೇಡ ಅನ್ನಿ."

ನಾನು ಹೇಳಿದೆ. ಶಿವಲಿಂಗಪ್ಪ ಮುಖಕ್ಕೆ ಟವೆಲ್ ಹಿಡಿದ. ಗಂಗವ್ವ ಎದ್ದು, ಮಣೂಕ, ಅಂದರೆ ಒಣದ್ರಾಕ್ಷಿಯನ್ನು ಬೊಗಸೆಯಲ್ಲಿ ತಂದು, ಉಷಾ ಮೇಡಂ ಸೆರಗು ಹಿಡಿಸಿ ಉಡಿ ತುಂಬಿದಳು. ಅಕ್ಕಿ ಇರಲಿಲ್ಲ, ಕೊಬ್ಬರಿ ಇರಲಿಲ್ಲ. ಇದೇನು ಎಂದು ಅವರು ನನ್ನನ್ನು ಕೇಳಿದರು. ಮನೆಮಗಳು ತವರಿನಿಂದ ಹೊರಡುವಾಗ ಹೀಗೆ ಮಾಡುತ್ತಾರೆ ಎಂದೆ. ಅಷ್ಟು ಹೊತ್ತು ತಡೆದುಕೊಂಡಿದ್ದ ಹೆಂಗಸು ಆಗ ಅತ್ತರು.

ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಎದ್ದೆ. ನಿಂಗಪ್ಪ ಏಳಲಿಲ್ಲ. ಉಷಾ ಮೇಡಂ ಕಡೆ ಬೆರಳು ಮಾಡಿ, "ಆ ಮುತ್ಯಾನ ಮಕ್ಕಳ ಹೆಸರು ಕೇಳ್ರಿ ಸಾಹೇಬ್ರ. ಅವರ ಮಕ್ಕಳದು, ಇವರದು, ಇವರ ಮಕ್ಕಳದು, ಎಲ್ಲಾ" ಎಂದ.

"ಹೇಳೂದಿಲ್ಲಂತ ಆತಲ್ಲೋ. ಮತ್ಯಾಕ ಅದು?"

"ಹೇಳಬಾರದು ಅಂದ್ರ ಗೊತ್ತಿರಬೇಕಲ್ರಿ. ನಮ್ಮಜ್ಜ ನಮ್ಮಪ್ಪಗ ಕಲಿಸಿದ, ನಮ್ಮಪ್ಪ ನನಗ ಕಲಿಸಿದ, ಈ ಮನ್ಯಾಗ ಇಂಥಾ ಹೆಸರೈತಿ, ಎತ್ತಬ್ಯಾಡ ಅಂತ. ಕಲಿಸದಿದ್ರ ಯಾವನರ ಎಲ್ಲೋ ಕೇಳಿ ಬಂದು ಎತ್ತಿಬಿಟ್ಟಾನು. ನಾ ನನ್ನ ಮಗಗ ಕಲಸ್ತೇನಿ. ಇನ್ನ ಮ್ಯಾಲ ಬರೇ ಅವಂದಲ್ಲ, ಅವನ ಹಿಂದ ಬಂದವರೆಲ್ಲಾರದೂ."

ನಾನು ಇದನ್ನು ಹಿಂದಿಗೆ ಹಾಕುವಾಗ ಎರಡು ಸಲ ನಿಂತೆ. ಉಷಾ ಮೇಡಂ ಒಂದೊಂದೇ ಹೆಸರು ಹೇಳಿದರು. ಅಜ್ಜ, ಅಪ್ಪ, ಅಪ್ಪನ ತಮ್ಮಂದಿರು. ತಮ್ಮ ಹೆಸರಿಗೆ ಬಂದಾಗ, ಹೆಣ್ಣುಮಕ್ಕಳನ್ನೂ ಸೇರಿಸುತ್ತಾರೆಯೇ ಎಂದು ಕೇಳಿದರು.

"ಹೊಗಳೂವಾಗ ಸೇರಸೂದಿಲ್ರಿ" ಎಂದ ನಿಂಗಪ್ಪ. "ಇದು ಹೇಳೂದ ಇಲ್ಲಲ್ಲ, ಯಾರನ್ನ ಸೇರಸಿದ್ರೂ ಯಾರೂ ಕೇಳೂದಿಲ್ಲ. ಹೇಳಸ್ರಿ."

ಅವರು ಹೇಳಿದರು. ಮಗನ ಹೆಸರು, ಮಗಳ ಹೆಸರು, ಮೊಮ್ಮಗಳ ಹೆಸರು. ನಿಂಗಪ್ಪ ಪ್ರತಿಯೊಂದನ್ನೂ ತುಟಿಯಲ್ಲೇ ಹೇಳಿಕೊಂಡ, ದನಿ ಹೊರಗೆ ಬರಲಿಲ್ಲ.

ಠಾಣೆಯಲ್ಲಿ ನಾನು ವರದಿ ಬರೆದೆ. ತಿಕೋಟಾ ಭಾಗದ ಹಳ್ಳಿಗಳಲ್ಲಿ ವಿಚಾರಿಸಲಾಗಿ ಸದರಿ ವ್ಯಕ್ತಿಯ ಮನೆತನದವರು ಪತ್ತೆಯಾಗಿಲ್ಲ ಎಂದು. ಅರ್ಜಿದಾರರು ಓದಿಸಿ ಕೇಳಿ ಸಹಿ ಹಾಕಿದರು. "ಕಡೀ ಕೇಸಿನಾಗ ಸೋತ್ರಲ್ಲ ದಸ್ತಗೀರ" ಎಂದು ಇನ್ಸ್‌ಪೆಕ್ಟರ್ ಸಾಹೇಬರು ಚೇಷ್ಟೆ ಮಾಡಿದರು. ಹೌದ್ರಿ ಎಂದೆ.

ಲಗ್ನ ಬಬಲೇಶ್ವರದಲ್ಲಿ ಆಯಿತು. ಶಿವಲಿಂಗಪ್ಪ ನನ್ನನ್ನು ಕರೆದಿದ್ದ, ಹೋದೆ. ಹುಡುಗನ ತಂದೆ ನನ್ನ ಪಕ್ಕ ಊಟಕ್ಕೆ ಕೂತು, "ಹೆಳವನ್ನ ಕೇಳಿದ್ವಿ ಸಾಹೇಬ್ರ. ಮೂಲದಿಂದ ಹಿಡದು ಹೊಗಳಿದ. ಒಂದು ಕಪ್ಪು ಚುಕ್ಕಿ ಇಲ್ಲ ನೋಡ್ರಿ" ಎಂದರು. ನಾನು ತಲೆ ಆಡಿಸಿದೆ. ಅರ್ಧ ಹೋಳಿಗೆ ತಾಟಿನಲ್ಲೇ ಬಿಟ್ಟು ಕೈ ತೊಳೆದೆ. ಶ್ರೀದೇವಿ ಸುಖವಾಗಿದ್ದಾಳೆ ಎಂದು ಕೇಳಿದ್ದೇನೆ. ಆ ಸುಖ ನನಗೂ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಉಷಾ ಮೇಡಂ ಫೋನ್ ಮಾಡಿ ಲಗ್ನ ಹೇಗಾಯಿತು, ಹುಡುಗಿ ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂದು ಕೇಳಿದ್ದರು.

ಹುಡುಕಿ ಕೊಟ್ಟರೆ ನನ್ನ ಕೆಲಸ ಮುಗಿಯಿತು ಎಂದು ನಾನು ಸೇವೆಯುದ್ದಕ್ಕೂ ತಿಳಿದಿದ್ದೆ. ಆದರೆ ಶಿಕ್ಷೆ ಎಲ್ಲಿ ಮುಗಿಯುತ್ತದೆ ಎಂಬುದು ಪೊಲೀಸನಿಗೂ ಗೊತ್ತಿಲ್ಲ, ಕೋರ್ಟಿಗೂ ಗೊತ್ತಿಲ್ಲ. ನೌಕರಿ ನನಗೆ ಕೊನೆಗೆ ಕಲಿಸಿದ್ದು ಇದನ್ನೇ. ಆ ಮನುಷ್ಯನಿಗೆ ಸರಕಾರ ಕೊಟ್ಟ ಶಿಕ್ಷೆ ಅವನು ಸತ್ತ ದಿನ ತೀರಿತು. ಊರು ಕೊಟ್ಟದ್ದು ತೀರಿಲ್ಲ. ಪತ್ತೆಯಾಗಿಲ್ಲ ಎಂದು ಬರೆದು, ಅವನ ಮೊಮ್ಮಕ್ಕಳ ಮಕ್ಕಳಿಗೂ ಅದನ್ನು ಜಾರಿ ಮಾಡಿದವನು ನಾನೇ.